ಬೀಗ ತಂದಿದ್ದೀರಾ?

"ಹಾಸ್ಟೆಲ್‌ನ್ಯಾಗ? ಈ ವಯಸ್ಸಿನ್ಯಾಗ?"

ಫೋನಿನಲ್ಲಿ ಅವ್ವ ಕೇಳಿದ ರೀತಿಗೆ ನಾನು ಕೆಲಸ ಬಿಟ್ಟು ಮತ್ತೆ ಪಿಯುಸಿಗೆ ಸೇರಿದ್ದೇನೋ ಅನ್ನಿಸಿತು. ಬ್ಯಾಡಗಿಯಲ್ಲಿ ಕೂತ ಅವಳಿಗೆ ಹಾಸ್ಟೆಲ್ ಅಂದರೆ ಒಂದೇ ಅರ್ಥ. ಧಾರವಾಡ, ತಗಡಿನ ಟ್ರಂಕು, ನೀರಾದ ಸಾರು, ಸಂಜೆ ಏಳಕ್ಕೆ ಗೇಟು ಬಂದ್. ನಲವತ್ನಾಲ್ಕು ವರ್ಷದ ಮಗಳು ಪೋಲೆಂಡಿಗೆ ಹೋಗಿ ಹಾಸ್ಟೆಲ್ ಸೇರಿದ್ದಾಳೆ ಅಂದರೆ ಏನೋ ಎಡವಟ್ಟಾಗಿರಬೇಕು.

"ಆಫೀಸ್‌ನವ್ರು ಹೋಟೆಲ್ ಕೊಡಂಗಿಲ್ಲೇನು?"

"ಶುಕ್ರವಾರದ ತನಕ ಕೊಟ್ಟಿದ್ರವ್ವಾ. ಶನಿವಾರ ನಂದು, ನನ್ನ ಖರ್ಚು."

"ಹಂಗಂದ್ರ ರೊಕ್ಕ ಉಳಸಾಕತ್ತೀ," ಅಂದಳು. ದನಿ ಸ್ವಲ್ಪ ತಣ್ಣಗಾಯಿತು. ರೊಕ್ಕ ಉಳಿಸುವುದು ಅವಳಿಗೆ ಅರ್ಥವಾಗುವ ಕಾರಣ.

ಪೂರ್ತಿ ನಿಜ ಹೇಳಬೇಕಂದರೆ ರೊಕ್ಕ ಅರ್ಧ ಕಾರಣ ಮಾತ್ರ. ಬೆಂಗಳೂರಿನ ಐಟಿಯವರಿಗೆ ಪೋಲೆಂಡಿನ ಕ್ರಾಕೋವ್ ಹೊಸ ಹೆಸರೇನಲ್ಲ. ಆ ಊರಿನ ಅಂಚಿನಲ್ಲಿ ಗಾಜಿನ ಕಟ್ಟಡಗಳ ಸಾಲೇ ಇದೆ. ಐದು ದಿನ ಅಂಥ ಒಂದು ಕಟ್ಟಡದಲ್ಲಿ ಕೂತು ಎದ್ದೆ. ಹೊರಗೆ ನೋಡಿದರೆ ಮಾರತ್ತಹಳ್ಳಿಗೂ ಅದಕ್ಕೂ ಚಳಿಯ ಬಿಟ್ಟು ಬೇರೆ ವ್ಯತ್ಯಾಸ ಇರಲಿಲ್ಲ. ಅದಕ್ಕೇ ಉಳಿದ ಒಂದು ದಿನ ಹಳೇ ಊರಿನ ಒಳಗೇ ಇರಬೇಕು, ನಡೆದೇ ತಿರುಗಬೇಕು ಅಂತ ಆಸೆ. ಒಳಗೆ ನನ್ನ ಲೆಕ್ಕಕ್ಕೆ ಕೂರುವಂಥದ್ದು ಅಂದರೆ ಹೆಂಗಸರದ್ದೇ ಆರು ಮಂಚದ ಒಂದು ಕೋಣೆ. ರಾತ್ರಿಗೆ 75 ಝ್ಲೋಟಿ. ಝ್ಲೋಟಿ ಅಂತ ಬರೆದು ಝ್ವೋತಿ ಅನ್ನುತ್ತಾರೆ. ಒಂದಕ್ಕೆ ನಮ್ಮ ಇಪ್ಪತ್ತು ಚಿಲ್ಲರೆ ರೂಪಾಯಿ.

ಶುಕ್ರವಾರ ರಾತ್ರಿ ಬ್ಯಾಗ್ ಎಳೆದುಕೊಂಡು ಹೋದಾಗ ಕೌಂಟರಿನ ಹುಡುಗ ಪಾಸ್‌ಪೋರ್ಟ್ ಕೂಡ ಕೇಳುವ ಮೊದಲು ಕೇಳಿದ್ದು ಇದನ್ನೇ. "ಬೀಗ ತಂದಿದ್ದೀರಾ?"

ನನಗೆ ನಗು ತಡೆಯಲಿಲ್ಲ. ಅವನಿಗೆ ಏನಂತ ಹೇಳಲಿ? ದಸರೆಗೆ ಊರಿಗೆ ಹೋದಾಗ ಅವ್ವ ನನ್ನ ಬ್ಯಾಗಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿದ ಮೇಲೆ, ಕೊನೆಗೆ ಒಂದು ಹಿತ್ತಾಳೆ ಬೀಗ ತಂದು ತುರುಕಿದ್ದಳು. ಅದೇ ಬೀಗ, ಧಾರವಾಡದ ಟ್ರಂಕಿನದು. "ಪರದೇಶದಾಗ ಬೀಗ ಸಿಗ್ತಾವೋ ಇಲ್ಲೋ," ಅಂದಿದ್ದಳು. ಅದಕ್ಕೆ ಎರಡು ಕೀಲಿ. ಒಂದು ನನಗೆ, ಇನ್ನೊಂದು ಅವಳ ಕೀಲಿ ಗೊಂಚಲಿನಲ್ಲಿ. ನಾನು ಹದಿನೇಳರ ಹುಡುಗಿ ಇದ್ದಾಗಿನಿಂದ ಇದೇ ಪದ್ಧತಿ. ನಾನು ಕಳೆದುಕೊಂಡರೆ ಇರಲಿ ಅಂತ. ಹಾವೇರಿ ಜಿಲ್ಲೆಯಲ್ಲಿರುವ ಕೀಲಿಯಿಂದ ಧಾರವಾಡದ ಟ್ರಂಕು ಹೇಗೆ ತೆಗೆಯಬೇಕು ಅಂತ ನಾವಿಬ್ಬರೂ ಯಾವತ್ತೂ ಯೋಚಿಸಿರಲಿಲ್ಲ.

"ತಂದಿದ್ದೇನೆ," ಅಂದೆ. ಹುಡುಗ ಬೆರಗಾದ. ತರದವರಿಗೆ ಕಪಾಟಿನ ಬೀಗ ಬಾಡಿಗೆಗೆ ಕೊಟ್ಟೇ ಅವನಿಗೆ ರೂಢಿ ಅಂತ ಕಾಣುತ್ತದೆ.

ಕೋಣೆಯಲ್ಲಿ ಕತ್ತಲು. ಫೋನಿನ ಟಾರ್ಚನ್ನು ಅಂಗೈಯಲ್ಲಿ ಮುಚ್ಚಿ, ಬೆರಳ ಸಂದಿಯ ಕೆಂಪು ಬೆಳಕಲ್ಲಿ ಮಂಚ ಹುಡುಕಿದೆ. ನನಗೆ ಸಿಕ್ಕಿದ್ದು ಅಪ್ಪರ್ ಬರ್ತ್. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಹತ್ತಿ ಇಳಿದ ಅನುಭವ ಎಷ್ಟಿದ್ದರೇನು, ಮೊಣಕಾಲಿಗೆ ಅದೆಲ್ಲ ನೆನಪಿಲ್ಲ. ಏಣಿ ಒಂದೊಂದು ಮೆಟ್ಟಿಲಿಗೂ ಕಿರ್ ಅಂದಿತು. ಕೆಳಗಿನ ಮಂಚದವರು ಟವೆಲ್ಲು ಇಳಿಬಿಟ್ಟು ಪರದೆ ಮಾಡಿಕೊಂಡಿದ್ದರು. ಟವೆಲ್ಲಿನ ಅಂಚು ಮಂಚದ ಸರಳಿಗೆ ಪಿನ್ನು ಹಾಕಿ ಬಿಗಿದಿತ್ತು. ಒಂದು ರಾತ್ರಿಗೆ ಬಂದವರು ಪಿನ್ನು ಹಾಕುವುದಿಲ್ಲ. ಇದು ನನಗೆ ಹೊಳೆದದ್ದು ಮಾತ್ರ ಮರುದಿನ.

ಹಾಸ್ಟೆಲ್ ನಿದ್ದೆ ಅಂದರೆ ಕಂತಿನ ನಿದ್ದೆ. ಯಾರೋ ಜಿಪ್ ಎಳೆಯುತ್ತಾರೆ. ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ಏನೋ ಹುಡುಕುತ್ತಾರೆ, ನಿಧಾನಕ್ಕೆ ಹುಡುಕಿದಷ್ಟೂ ಸದ್ದು ಜಾಸ್ತಿ. ಎದುರಿನ ಮಂಚದ ಹಿರಿಯ ಹೆಂಗಸು ಗೊರಕೆ ಹೊಡೆದರು, ಅದೂ ಲಯಬದ್ಧವಾಗಿ. ಈ ಎಲ್ಲದರ ನಡುವೆ, ಗಂಟೆ ಒಂದೋ ಎರಡೋ ಇರಬೇಕು, ಎಲ್ಲೋ ಮೇಲಿನಿಂದ ತುತ್ತೂರಿ ಕೇಳಿಸಿತು. ಮೆಲ್ಲಗೆ ಏರುತ್ತಾ ಹೋಗಿ, ನಡುವೆಯೇ ಯಾರೋ ಬಾಯಿ ಮುಚ್ಚಿಸಿದ ಹಾಗೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ, ಈಗ ಇನ್ನೂ ದೂರದಿಂದ. ಮತ್ತೆ ನಿಂತಿತು. ಹೀಗೆ ನಾಲ್ಕು ಸಲ.

ಅದರ ಬಗ್ಗೆ ಓದಿಕೊಂಡಿದ್ದೆ. ಆದರೂ ಹಾಸಿಗೆಯಲ್ಲಿ ಕೇಳಿಸಿಕೊಳ್ಳುವುದೇ ಬೇರೆ.

ಅದರ ಹೆಸರು ಹೇಯ್ನಾವ್. ಪೇಟೆಯ ಚೌಕದಲ್ಲಿ ಸಂತ ಮೇರಿ ಚರ್ಚ್ ಇದೆ. ಅದಕ್ಕೆ ಎರಡು ಗೋಪುರ, ಒಂದು ಎತ್ತರ, ಒಂದು ಗಿಡ್ಡ. ಎತ್ತರದ ಗೋಪುರದ ಮೇಲೆ ಹಗಲು ರಾತ್ರಿ ಒಬ್ಬ ತುತ್ತೂರಿಯವನು ಇರುತ್ತಾನೆ. ಗಂಟೆಗೊಮ್ಮೆ ನಾಲ್ಕು ದಿಕ್ಕಿನ ಕಿಟಕಿಯಿಂದ ಊದುತ್ತಾನೆ. ಅವರೆಲ್ಲ ಅಗ್ನಿಶಾಮಕ ದಳದವರು, ಅದು ಅವರ ಡ್ಯೂಟಿ. ಕತೆ ಏನಪ್ಪಾ ಅಂದರೆ, 1241ರಲ್ಲಿ ಮಂಗೋಲ್ ಸೈನ್ಯದ ತಾತಾರರು ಊರ ಮೇಲೆ ಬಿದ್ದಾಗ ಕಾವಲುಗಾರನೊಬ್ಬ ಎಚ್ಚರಿಸಲು ತುತ್ತೂರಿ ಊದಿದ. ಊದುತ್ತಿರುವಾಗಲೇ ಗಂಟಲಿಗೆ ಬಾಣ ನಾಟಿತು. ಅವನು ನಿಲ್ಲಿಸಿದಲ್ಲಿಗೇ ಇವತ್ತಿಗೂ ನಿಲ್ಲಿಸುತ್ತಾರೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಈ ಕತೆ ಹೊರದೇಶಗಳಿಗೆ ಹರಡಿದ್ದು 20ನೇ ಶತಮಾನದಲ್ಲಿ ಅಮೆರಿಕದವರೊಬ್ಬರು ಬರೆದ ಮಕ್ಕಳ ಪುಸ್ತಕದಿಂದ. ಇರಲಿ. ನಡುರಾತ್ರಿ ಅಪ್ಪರ್ ಬರ್ತಿನಲ್ಲಿ ಕಣ್ಣು ಬಿಟ್ಟುಕೊಂಡವಳಿಗೆ ಬಾಣದ ಕತೆಯೇ ನಿಜ ಅನ್ನಿಸುತ್ತದೆ.

ಬೆಳಿಗ್ಗೆ ಅಡುಗೆಮನೆ. ಹಾಸ್ಟೆಲ್ಲಿನ ನಿಜವಾದ ಚಾವಡಿ ಅದೇ. ಫ್ರಿಡ್ಜಿನ ಬಾಗಿಲ ಮೇಲೆ ಸೂಚನೆ: ನಿಮ್ಮ ಸಾಮಾನಿನ ಮೇಲೆ ಹೆಸರು, ಹೊರಡುವ ತಾರೀಖು ಬರೆಯಿರಿ. ಒಳಗೆ ಡಬ್ಬಿ ಡಬ್ಬಿಯ ಮೇಲೆ ಬಣ್ಣದ ಪೆನ್ನಿನ ಬರಹ. ಎಲ್ಲದರ ಮೇಲೂ ನಾಳೆ, ನಾಡಿದ್ದಿನ ತಾರೀಖು. ಕೆಳಗಿನ ತಟ್ಟೆಯ ಮೂಲೆಯಲ್ಲಿದ್ದ ಒಂದು ದೊಡ್ಡ ಪಾತ್ರೆಯ ಮೇಲೆ ಮಾತ್ರ ತಾರೀಖೇ ಇರಲಿಲ್ಲ. ಸುಮ್ನೆ ಒಂದು ಹೆಸರು, ಅದೂ ಬೇರೆ ಲಿಪಿಯಲ್ಲಿ.

ನಾನು ಚಹಾ ಮಾಡಿಕೊಂಡು ಹೊರಬಿದ್ದೆ.

ಅಕ್ಟೋಬರಿನ ಕೊನೆ. ಹಳೇ ಊರಿನ ಸುತ್ತ ಉಂಗುರದ ಹಾಗೆ ಒಂದು ಪಾರ್ಕ್ ಇದೆ, ಪ್ಲಾಂತಿ ಅಂತ. ಮೊದಲು ಅಲ್ಲಿ ಕೋಟೆಗೋಡೆ ಇತ್ತು. 19ನೇ ಶತಮಾನದ ಆರಂಭದಲ್ಲಿ ಗೋಡೆ ಕೆಡವಿ, ಕಂದಕ ಮುಚ್ಚಿ ಮರ ನೆಟ್ಟರು. ಒಂದು ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರು. ಎಲೆಯೆಲ್ಲ ಹಳದಿಯಾಗಿ ಉದುರಿತ್ತು. ನಾಯಿ ಹಿಡಿದುಕೊಂಡು ಬಂದವರು, ಓಡುವವರು, ಬೆಂಚಿನ ಮೇಲೆ ಸುಮ್ಮನೆ ಕೂತ ಅಜ್ಜಂದಿರು. ದಾರಿ ಬದಿಯಲ್ಲಿ ನೀಲಿ ಗಾಡಿಗಳು, ಒಳಗೆ ಬಳೆಯ ಹಾಗೆ ಜೋಡಿಸಿಟ್ಟ ಬ್ರೆಡ್ಡು. ಅದು ಒಬ್ವಝಾನೆಕ್. ಹಿಟ್ಟಿನ ಎಳೆಗಳನ್ನು ಹುರಿ ಮಾಡಿ, ಬಳೆ ಮಾಡಿ, ಮೊದಲು ಕುದಿಯುವ ನೀರಿಗೆ ಹಾಕಿ ತೆಗೆದು, ಆಮೇಲೆ ಬೇಯಿಸುತ್ತಾರೆ. ಮೇಲೆ ಉಪ್ಪು, ಎಳ್ಳು ಅಥವಾ ಗಸಗಸೆ. ನಮ್ಮ ಧಾರವಾಡ ಪೇಢೆಗೆ ಇರುವ ಹಾಗೆ ಇದಕ್ಕೂ ಊರಿನ ಹೆಸರಿನ ರಕ್ಷಣೆ ಇದೆ, 2010ರಿಂದ ಯುರೋಪಿನ ಒಕ್ಕೂಟದ್ದು. ಬೇರೆ ಊರಿನವರು ಮಾಡಿ ಕ್ರಾಕೋವ್ ಒಬ್ವಝಾನೆಕ್ ಅಂತ ಮಾರುವಂತಿಲ್ಲ. ಗಸಗಸೆಯದು ತೆಗೆದುಕೊಂಡೆ. ಬಿಸಿಯಿದ್ದಾಗ ಚೆಂದ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಮೊಳೆ ಹೊಡೆಯಬಹುದು.

ಚೌಕಕ್ಕೆ ಬಂದರೆ ಕಣ್ಣಿಗೆ ಒಮ್ಮೆಲೇ ಆಕಾಶ ಬೀಳುತ್ತದೆ. ಅಷ್ಟು ದೊಡ್ಡದು. ಒಂದೊಂದು ಬದಿ ಸುಮಾರು 200 ಮೀಟರ್. 1257ರಲ್ಲಿ ಗೆರೆ ಎಳೆದು ಹಾಕಿದ ಚೌಕ ಇದು, ಇವತ್ತಿಗೂ ಅದೇ ಗೆರೆ. ನಡುವೆ ಬಟ್ಟೆ ವ್ಯಾಪಾರಿಗಳ ಉದ್ದನೆಯ ಕಟ್ಟಡ. ಈಗ ಅಲ್ಲಿ ಮಾರುವುದು ಜೇನುಬಣ್ಣದ ಅಂಬರ್ ಸರ, ಮರದ ಆಟಿಕೆ. ಪಾರಿವಾಳ, ಕುದುರೆಗಾಡಿ, ಕೈಗೆ ಚೀಟಿ ತುರುಕುವವರು. ಪ್ರವಾಸದ ಬೋರ್ಡುಗಳಲ್ಲಿ ನಾಜಿಗಳ ಕೊಲೆ ಶಿಬಿರವಾಗಿದ್ದ ಆಶ್‌ವಿಟ್ಸ್ ಮತ್ತು ವಿಯೆಲಿಚ್ಕಾದ ಉಪ್ಪಿನ ಗಣಿ, ಎರಡೂ ಒಂದೇ ದಿನದಲ್ಲಿ, ಕರೆದುಕೊಂಡು ಹೋಗಿ ಬಿಡುವ ವ್ಯವಸ್ಥೆ ಸಮೇತ. ಬೆಳಿಗ್ಗೆ ಅದನ್ನು ನೋಡಿ ಮಧ್ಯಾಹ್ನ ಇದನ್ನು ನೋಡುವುದು ನನ್ನಿಂದ ಆಗದ ಕೆಲಸ. ಆಗುವವರನ್ನು ತಪ್ಪು ಅನ್ನುತ್ತಿಲ್ಲ. ನಾನು ಮಾತ್ರ ಆ ಬೋರ್ಡಿನಿಂದ ಬೇಗ ಬೇಗ ದಾಟಿದೆ.

ಚರ್ಚಿನೊಳಗೆ ಹನ್ನೊಂದೂವರೆಗೇ ಜನ ಕುತ್ತಿಗೆ ಎತ್ತಿಕೊಂಡು ನಿಂತಿದ್ದರು. ಮುಂದೆ ಮುಚ್ಚಿದ ಮರದ ದೊಡ್ಡ ಕದ. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಒಬ್ಬ ಸನ್ಯಾಸಿನಿ ಬಂದು ಅದನ್ನು ತೆರೆದರು. ಒಳಗೆ ಚಿನ್ನ, ನೀಲಿ. ಎತ್ತರ ಹದಿಮೂರು ಮೀಟರಿನ ಹತ್ತಿರ. ನ್ಯೂರೆಂಬರ್ಗ್‌ನಿಂದ ಬಂದ ಫೈಟ್ ಸ್ಟೋಸ್ ಅನ್ನುವ ಶಿಲ್ಪಿ 1477ರಿಂದ 1489ರವರೆಗೆ ಕೂತು ಕೆತ್ತಿದ್ದು. ನಡುವೆ ಮೇರಿ ಕೊನೆಯುಸಿರು ಬಿಡುತ್ತಿದ್ದಾಳೆ, ಸುತ್ತ ಶಿಷ್ಯರು ನಿಂತಿದ್ದಾರೆ. ಆಳಿಗಿಂತ ಎತ್ತರದ ಮರದ ಗೊಂಬೆಗಳು. ಹಳೇಬೀಡು ನೋಡಿದ ಕಣ್ಣಿಗೆ ಮರದ ಕೆತ್ತನೆ ಏನು ಮಹಾ ಅಂತ ಹೋದವಳು ನಾನು. ಆದರೆ ಆ ಮುದುಕರ ಕೈ ನೋಡಬೇಕು. ಉಬ್ಬಿದ ನರ, ಗಂಟುಬಿದ್ದ ಬೆರಳು. ಕೆಲಸ ಮಾಡಿ ಸವೆದ ಕೈಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇದನ್ನು ಬಿಚ್ಚಿ ನ್ಯೂರೆಂಬರ್ಗಿಗೆ ಹೊತ್ತೊಯ್ದರು. ಶಿಲ್ಪಿ ನಮ್ಮವನು, ಆದ್ದರಿಂದ ಇದೂ ನಮ್ಮದು ಅನ್ನುವ ತರ್ಕ. 1946ರಲ್ಲಿ ದೇಶಕ್ಕೆ ವಾಪಸು ಬಂತು. ಚರ್ಚಿಗೆ ಬಂದು ಕೂತದ್ದು 1957ಕ್ಕೆ.

ಹೊರಗೆ ಬರುವಷ್ಟರಲ್ಲಿ ಹನ್ನೆರಡಾಯಿತು. ಗೋಪುರದ ಪುಟ್ಟ ಕಿಟಕಿಯಲ್ಲಿ ಚಿನ್ನದ ಬಣ್ಣದ ತುತ್ತೂರಿಯ ಬಾಯಿ ಕಾಣಿಸಿತು. ಹನ್ನೆರಡು ಗಂಟೆಯ ಊದು ದೇಶಕ್ಕೆಲ್ಲ ರೇಡಿಯೋದಲ್ಲೂ ಬರುತ್ತದೆ, 1927ರಿಂದ. ರಾತ್ರಿಯದೇ ಸ್ವರ, ಅದೇ ಜಾಗದಲ್ಲಿ ಕಡಿದುಹೋಯಿತು. ಊದಿದ ಮೇಲೆ ಅವನು ಕಿಟಕಿಯಿಂದ ಕೈ ಬೀಸಿದ. ಕೆಳಗಿದ್ದವರೆಲ್ಲ ಬೀಸಿದರು. ನಾನೂ ಬೀಸಿದೆ. ರಾತ್ರಿ ಎರಡಕ್ಕೆ ಅವನಿಗೆ ಕೈ ಬೀಸುವವರು ಯಾರು ಅನ್ನಿಸಿತು.

ಊಟಕ್ಕೆ ಹೋದದ್ದು ಹಾಲಿನ ಬಾರಿಗೆ. ಬಾರ್ ಮ್ಲೆಚ್ನಿ ಅಂತ ಅದರ ಹೆಸರು. ಅವ್ವನಿಗೆ ಹೇಳುವಾಗ "ಬಾರ್" ಅನ್ನುವ ಪದ ನುಂಗಿಬಿಟ್ಟೆ. ಹಾಲು, ಗಿಣ್ಣು, ಹಿಟ್ಟು, ಮೊಟ್ಟೆಯ ಅಡುಗೆಯೇ ಹೆಚ್ಚಿದ್ದ ಅಗ್ಗದ ಊಟದ ಮನೆಗಳಿಗೆ ಆ ಹೆಸರು. ಮೊದಲನೆಯದು ವಾರ್ಸಾದಲ್ಲಿ 1896ರಲ್ಲಿ ಶುರುವಾಯಿತು. ಕಮ್ಯುನಿಸ್ಟರ ಕಾಲದಲ್ಲಿ ಊರಿಗೆ ಹತ್ತಾದವು. ಈಗಲೂ ಸರ್ಕಾರ ಒಂದಿಷ್ಟು ಸಹಾಯಧನ ಕೊಡುತ್ತದೆ. ಗೋಡೆಯ ಮೇಲೆ ಪಟ್ಟಿ, ಕೌಂಟರಿನಲ್ಲಿ ದುಡ್ಡು, ಚೀಟಿ ಹಿಡಿದು ಕಿಟಕಿಯ ಹತ್ತಿರ ನಿಲ್ಲಬೇಕು. ತಿಂದಾದ ಮೇಲೆ ತಟ್ಟೆ ನಾವೇ ಒಯ್ದು ಇಡಬೇಕು. ನಮ್ಮ ದರ್ಶಿನಿಗಳಿಗೆ ಅಜ್ಜ ಇದ್ದರೆ ಹೀಗೇ ಇರುತ್ತಿದ್ದ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಪಿಯೆರೋಗಿ ಅಂದರೆ ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ, ಅಂಚು ಒತ್ತಿ ನೀರಲ್ಲಿ ಬೇಯಿಸಿದ್ದು. ಪಕ್ಕಾ ಕಡುಬು. ರುಸ್ಕಿಯೆ ಅನ್ನುವುದರಲ್ಲಿ ಆಲೂಗಡ್ಡೆ, ಒಡೆದ ಹಾಲಿನ ಗಿಣ್ಣು, ಈರುಳ್ಳಿ. ಆದರೆ ಮೇಲೆ ಹಂದಿ ಕೊಬ್ಬಿನ ಕರಿದ ಚೂರು ಉದುರಿಸಿ ಕೊಡುವುದುಂಟು. "ಬೆಜ್ ಸ್ಕ್ವಾರೆಕ್" ಅನ್ನಬೇಕು, ಚೂರು ಬೇಡ ಅಂತ. ಐದು ದಿನದಲ್ಲಿ ನಾನು ಕಲಿತ ಪೋಲಿಷ್ ಅದೊಂದೇ, ಹೊಟ್ಟೆ ಕಲಿಸಿದ್ದು. ಇನ್ನೊಂದು ವಿಷಯ. ರುಸ್ಕಿಯೆ ಅಂದರೆ ರಷ್ಯಾದ್ದಲ್ಲ. ಈಗಿನ ಪಶ್ಚಿಮ ಉಕ್ರೇನಿನ ಕಡೆಯ ಹಳೇ ರುಥೇನಿಯಾದ್ದು. ಆದರೂ 2022ರಲ್ಲಿ ಯುದ್ಧ ಶುರುವಾದ ಮೇಲೆ ಎಷ್ಟೋ ಕಡೆ ಹೆಸರು ತಿದ್ದಿ "ಉಕ್ರೇನಿನ ಪಿಯೆರೋಗಿ" ಅಂತ ಬರೆದರು. ನಾನು ಹೋದಲ್ಲಿ ಹಳೇ ಅಕ್ಷರದ ಮೇಲೆ ಹೊಸ ಕಾಗದ ಅಂಟಿಸಿದ್ದರು. ಕಾಗದದ ಅಂಚು ಎದ್ದಿತ್ತು.

ವಾವೆಲ್ ಗುಡ್ಡಕ್ಕೆ ಹತ್ತಿದ್ದು ಊಟವಾದ ಮೇಲೆ, ಅದು ತಪ್ಪು. ಕಡುಬು ತಿಂದು ಏರು ಹತ್ತಬಾರದು. ಮೇಲೆ ರಾಜರ ಅರಮನೆ, ರಾಜರನ್ನು ಹೂಳಿದ ಕ್ಯಾಥೆಡ್ರಲ್. ಕ್ಯಾಥೆಡ್ರಲ್ಲಿನ ಬಾಗಿಲ ಪಕ್ಕ ಸರಪಳಿಯಲ್ಲಿ ದೊಡ್ಡ ದೊಡ್ಡ ಮೂಳೆಗಳು ತೂಗುತ್ತವೆ. ಗುಡ್ಡದ ಕೆಳಗಿನ ಗವಿಯಲ್ಲಿದ್ದ ಘಟಸರ್ಪದ ಮೂಳೆ ಅಂತ ಜನ, ಹಳೇ ಕಾಲದ ದೊಡ್ಡ ಪ್ರಾಣಿಗಳದ್ದು ಅಂತ ತಿಳಿದವರು. ಅವು ಕಳಚಿ ಬಿದ್ದ ದಿನ ಲೋಕ ಮುಗಿಯುತ್ತದಂತೆ. ಸರಪಳಿ ಗಟ್ಟಿಯಾಗಿಯೇ ಇತ್ತು.

ಆದರೆ ನಾನು ಹುಡುಕಿಕೊಂಡು ಹೋದದ್ದು ಬೇರೆ. ಅರಮನೆಯ ಕಮಾನಿನ ಅಂಗಳದ ಒಂದು ಮೂಲೆ. ಅಲ್ಲಿ ನೆಲದಡಿ ಒಂದು ಕಲ್ಲಿದೆಯಂತೆ, ಶಿವ ಎಸೆದದ್ದು! ತಮಾಷೆ ಅಲ್ಲ. ಶಿವ ಭೂಮಿಯ ಮೇಲೆ ಏಳು ಕಲ್ಲು ಎಸೆದ, ಒಂದು ಇಲ್ಲಿ ಬಿತ್ತು, ಅದರಿಂದ ಶಕ್ತಿ ಹೊರಡುತ್ತದೆ ಅಂತ ಕತೆ. ಉಳಿದ ಆರರಲ್ಲಿ ದೆಹಲಿ, ಮೆಕ್ಕಾ, ಜೆರುಸಲೇಮ್, ರೋಮ್ ಎಲ್ಲ ಬರುತ್ತವೆ. ಕಾಶಿ ಇಲ್ಲ, ಶ್ರೀಶೈಲ ಇಲ್ಲ! ನಮ್ಮ ಕಡೆಯ ಯಾವ ಪುರಾಣದಲ್ಲೂ ನಾನು ಇದನ್ನು ಕೇಳಿಲ್ಲ. ಹೋದ ಶತಮಾನದಲ್ಲಿ ಅಲ್ಲೇ ಹುಟ್ಟಿಕೊಂಡ ನಂಬಿಕೆ. ಜನ ಬಂದು ಗೋಡೆಗೆ ಬೆನ್ನು ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒರಗಿ ಒರಗಿ ಗೋಡೆ ಕೊಳೆಯಾಗುತ್ತದೆ ಅಂತ ಅರಮನೆಯವರಿಗೆ ಸಿಟ್ಟು. ನಾನು ಹೋದಾಗಲೂ ಒಬ್ಬ ತಾಯಿ, ಮಗಳು ಮೂಲೆಯ ಹತ್ತಿರ ಅಂಗೈ ಚಾಚಿ ನಿಂತಿದ್ದರು. ಬೆಂಕಿ ಕಾಯಿಸಿಕೊಳ್ಳುವವರ ಹಾಗೆ. ನಾನು ಫೋನ್ ತೆಗೆದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ.

"ಅಲ್ಲಿತನಕಾ ಕಲ್ಲ ಒಗದಾನೇನು ಶಿವಾ?" ಅಂದಳು. ಆಮೇಲೆ ಒಂದು ಕ್ಷಣ ಬಿಟ್ಟು, "ಇರ್ಲಿ, ಒಂದ ಸಲ ಕೈ ಮುಗಿ. ಹೋಗೂದೇನೈತಿ."

ಮುಗಿದೆ. ತಾಯಿ, ಮಗಳು ನನ್ನನ್ನೇ ನೋಡುತ್ತಿದ್ದರು. ಕೈ ಮುಗಿಯುವುದೇ ಸರಿಯಾದ ಕ್ರಮ ಅಂದುಕೊಂಡಿರಬೇಕು. ಮಗಳೂ ಮುಗಿದಳು.

ಗುಡ್ಡ ಇಳಿದು ದಕ್ಷಿಣಕ್ಕೆ ಹೋದರೆ ಕಝಿಮಿಯೆಝ್. 1335ರಲ್ಲಿ ಮಹಾ ಕಝಿಮಿಯೆಝ್ ಅನ್ನುವ ರಾಜ ಬೇರೆಯೇ ಊರಾಗಿ ಕಟ್ಟಿಸಿದ್ದು. 15ನೇ ಶತಮಾನದ ಕೊನೆಗೆ ಯಹೂದಿಗಳು ಇಲ್ಲಿಗೆ ಬಂದು ನೆಲೆಸಿದರು, ನಾಲ್ಕೂವರೆ ಶತಮಾನ ಬಾಳಿದರು. ಅವರ ಪ್ರಾರ್ಥನಾ ಮಂದಿರ ರೇಮು ಸಿನಗಾಗ್ ನೋಡಲೇಬೇಕು ಅಂತ ಪಟ್ಟಿ ಮಾಡಿಕೊಂಡಿದ್ದೆ. ಅದರ ಸ್ಮಶಾನದಲ್ಲಿ ನಾಜಿಗಳು ಒಡೆದ ಸಮಾಧಿಕಲ್ಲಿನ ಚೂರುಗಳನ್ನೇ ಜೋಡಿಸಿ ಕಟ್ಟಿದ ಗೋಡೆ ಇದೆ. ಹೋದರೆ ಗೇಟಿಗೆ ಬೀಗ. ಐದು ನಿಮಿಷ ಸುಮ್ನೆ ನಿಂತೆ, ಆಮೇಲೆ ಹಣೆ ಚಚ್ಚಿಕೊಂಡೆ. ಶನಿವಾರ! ಅವರ ಸಬ್ಬತ್, ವಾರದ ವಿಶ್ರಾಂತಿ ಮತ್ತು ಪ್ರಾರ್ಥನೆಯ ದಿನ. ಬೇಸರವಾಗಬೇಕಿತ್ತು, ಆಗಲಿಲ್ಲ. ಬರೀ ಮ್ಯೂಸಿಯಂ ಆಗಿದ್ದರೆ ಶನಿವಾರ ಭರ್ಜರಿ ವ್ಯಾಪಾರ ನಡೆಯುತ್ತಿತ್ತು. ಬಾಗಿಲು ಹಾಕಿದೆ ಅಂದರೆ ಒಳಗೆ ಪ್ರಾರ್ಥನೆ ಮಾಡುವವರು ಇನ್ನೂ ಇದ್ದಾರೆ.

ಆರಕ್ಕೆಲ್ಲ ಕತ್ತಲು. ವಿಸ್ವಾ ನದಿಗೆ ಅಲ್ಲೊಂದು ನಡೆದಾಡುವ ಸೇತುವೆ ಇದೆ, 2010ರಲ್ಲಿ ಕಟ್ಟಿದ್ದು. ಕಟಕಟೆಯ ತಂತಿಗೆಲ್ಲ ಬೀಗಗಳು. ಪ್ರೇಮಿಗಳು ಹೆಸರು ಬರೆದು ಬೀಗ ಜಡಿದು, ಕೀಲಿ ನದಿಗೆ ಎಸೆಯುತ್ತಾರೆ. ಹೊಸದು, ತುಕ್ಕು ಹಿಡಿದದ್ದು, ಒಂದು ಸೈಕಲ್ ಬೀಗ ಕೂಡ. ಹಾಸ್ಟೆಲ್ಲಿನ ಕಪಾಟಿನಲ್ಲಿ ನೇತಾಡುತ್ತಿದ್ದ ನನ್ನ ಬೀಗ ನೆನಪಾಯಿತು. ಅವ್ವ ಇಲ್ಲಿದ್ದರೆ ಏನು ಅನ್ನುತ್ತಿದ್ದಳೋ ಗೊತ್ತು. ಚಲೋ ಚಲೋ ಬೀಗ ಹಾಳ ಮಾಡ್ಯಾರ.

ಸೇತುವೆಯ ಆಚೆ ಪೊದ್ಗುಝೆ. 1941ರ ಮಾರ್ಚಿನಲ್ಲಿ ನಾಜಿಗಳು ಊರಿನ ಯಹೂದಿಗಳನ್ನು ನದಿ ದಾಟಿಸಿ ಇಲ್ಲಿಗೆ ತಳ್ಳಿದರು. ಸುತ್ತ ಗೋಡೆ ಕಟ್ಟಿದರು. ಅದೇ ಘೆಟ್ಟೋ. ಎರಡು ವರ್ಷಕ್ಕೆ, 1943ರ ಮಾರ್ಚ್ 13 ಮತ್ತು 14ರಂದು, ಎಲ್ಲ ಮುಗಿಸಿದರು. ಯುದ್ಧಕ್ಕೆ ಮೊದಲು ಕ್ರಾಕೋವ್‌ನಲ್ಲಿ ನಾಲ್ವರಲ್ಲಿ ಒಬ್ಬರು ಯಹೂದಿಗಳಾಗಿದ್ದರು. ಜನರನ್ನು ಒಟ್ಟುಗೂಡಿಸಿ ಸಾಗಿಸುತ್ತಿದ್ದ ಚೌಕದ ಹೆಸರು ಈಗ ಘೆಟ್ಟೋ ವೀರರ ಚೌಕ. ಅಲ್ಲಿ ಮೂರ್ತಿ ಇಲ್ಲ, ಕಂಬ ಇಲ್ಲ. ಇರುವುದು ಕುರ್ಚಿಗಳು, ಲೋಹದವು, ಒಟ್ಟು 70. ಕೆಲವು ದೊಡ್ಡವು, ಕೆಲವು ಚಿಕ್ಕವು, ಖಾಲಿ, ದೂರ ದೂರ. ಜನರನ್ನು ಒಯ್ದ ಮೇಲೆ ಚೌಕದಲ್ಲಿ ಉಳಿದದ್ದು ಅವರು ಹೊತ್ತು ತಂದಿದ್ದ ಮೇಜು, ಕುರ್ಚಿ, ಗಂಟುಗಳು. ಅದನ್ನು ಬರೆದಿಟ್ಟವರು ಅದೇ ಚೌಕದ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ತಾದೇಉಷ್ ಪಾಂಕಿಯೆವಿಚ್. ಯಹೂದಿಯಲ್ಲದಿದ್ದರೂ ಅಂಗಡಿ ಮುಚ್ಚದೆ ಗೋಡೆಯ ಒಳಗೇ ಉಳಿದವರು. ಅಂಗಡಿ ಈಗ ಮ್ಯೂಸಿಯಂ.

ಕುರ್ಚಿಗಳ ನಡುವೆ ಟ್ರಾಮ್ ನಿಲ್ದಾಣ. ಅಲ್ಲಿಯ ಚಿಕ್ಕ ಕುರ್ಚಿಗಳ ಮೇಲೆ ಜನ ಕೂತು ಟ್ರಾಮ್ ಕಾಯುತ್ತಾರೆ. ಒಬ್ಬ ಹುಡುಗಿ ತರಕಾರಿ ಚೀಲ ಮಡಿಲಲ್ಲಿಟ್ಟು ಫೋನ್ ನೋಡುತ್ತಿದ್ದಳು. ಮೊದಲು ಇರಿಸುಮುರಿಸಾಯಿತು. ಆಮೇಲೆ ಕಾಲು ಸೋತಿತ್ತು, ನಾನೂ ಕೂತೆ. ಲೋಹ ತಣ್ಣಗೆ ಕೊರೆಯುತ್ತಿತ್ತು.

ಅಲ್ಲಿ ಕೂತಾಗ ಕೊಲ್ಹಾಪುರ ನೆನಪಾಯಿತು. ಕಾರಣ ಇದೆ. ಯುದ್ಧದ ಕಾಲದಲ್ಲಿ ಸೋವಿಯತ್ ಸರ್ಕಾರ ಲಕ್ಷಾಂತರ ಪೋಲಿಷ್ ಜನರನ್ನು ಸೈಬೀರಿಯಾದ ಕಡೆಗೆ ಹೊತ್ತೊಯ್ದಿತ್ತು. ಅಲ್ಲಿಂದ ಬಿಡುಗಡೆಯಾಗಿ ಇರಾನ್ ಮೂಲಕ ಅಲೆದು ಬಂದವರಲ್ಲಿ ಸುಮಾರು 5,000 ಮಂದಿ, ಹೆಚ್ಚಿನವರು ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಇದ್ದರು. ಶಾಲೆ, ಚರ್ಚು, ಅಂಗಡಿ ಎಲ್ಲ ಇದ್ದ ಊರು ಅದು. ಮಹಾಲಕ್ಷ್ಮಿ ದರ್ಶನಕ್ಕೆ ನಾವು ಕೊಲ್ಹಾಪುರಕ್ಕೆ ಎಷ್ಟು ಸಲ ಹೋಗಿಲ್ಲ! ಚಪ್ಪಲಿ ಕೊಂಡಿದ್ದೇವೆ, ಬೆಲ್ಲ ಕೊಂಡಿದ್ದೇವೆ. ಇದನ್ನು ಯಾರೂ ಹೇಳಿರಲಿಲ್ಲ. ನನಗೆ ಗೊತ್ತಾದದ್ದು ಈ ಪ್ರವಾಸಕ್ಕೆ ಓದಿಕೊಳ್ಳುವಾಗ.

ರಾತ್ರಿ ಎಂಟಕ್ಕೆ ಹಾಸ್ಟೆಲ್. ಝಾಬ್ಕಾದಲ್ಲಿ ಒಂದು ಡಬ್ಬಿ ಮೊಸರು ಕೊಂಡು ಬಂದೆ. ಝಾಬ್ಕಾ ಅಂದರೆ ಪುಟ್ಟ ಕಪ್ಪೆ, ಬೀದಿಗೆರಡು ಇರುವ ಅಂಗಡಿ. ಅಡುಗೆಮನೆಯಲ್ಲಿ ಒಬ್ಬರೇ ಒಬ್ಬರು ಹೆಂಗಸು, ನನ್ನದೇ ವಯಸ್ಸು ಇರಬಹುದು. ಫ್ರಿಡ್ಜಿನ ಆ ತಾರೀಖಿಲ್ಲದ ಪಾತ್ರೆಯಿಂದ ಬೀಟ್‌ರೂಟ್ ಸಾರು ಬಗ್ಗಿಸಿ ಬಿಸಿ ಮಾಡುತ್ತಿದ್ದರು. ನಾನು ರೊಟ್ಟಿ ಮುರಿದೆ. ಕಡಕ್ ರೊಟ್ಟಿ ಮುರಿಯುವ ಸದ್ದು ಗೊತ್ತಲ್ಲ, ಹಂಚು ಒಡೆದ ಹಾಗೆ. ಅವರು ಬೆಚ್ಚಿ ತಿರುಗಿ ನೋಡಿದರು, ಇಬ್ಬರಿಗೂ ನಗು ಬಂತು.

ಅವರಿಗೆ ಇಂಗ್ಲಿಷ್ ಇಲ್ಲ, ನನಗೆ ಅವರ ಭಾಷೆ ಇಲ್ಲ. ಫೋನಿನಲ್ಲಿ ಬರೆದು ತೋರಿಸಿಕೊಂಡೆವು. ಉಕ್ರೇನಿನ ಖಾರ್ಕಿವ್‌ನವರು. ನನ್ನ ಕೆಳಗಿನ ಮಂಚದವರು ಇವರೇ, ಟವೆಲ್ಲಿನ ಪರದೆಯವರು. ಏಳು ತಿಂಗಳಿಂದ ಇದೇ ಮಂಚ. ಗೋದಾಮಿನಲ್ಲಿ ರಾತ್ರಿ ಪಾಳಿ, ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಬಂದು ಮಲಗುತ್ತಾರೆ. ಶುಕ್ರವಾರ ರಜೆಯಿತ್ತಂತೆ. ನಾನು ಏಣಿ ಹತ್ತಿದ ಸದ್ದಿಗೆ ಎಚ್ಚರವಾಯಿತೇ ಅಂತ ಬರೆದು ಕೇಳಿದೆ. ಅವರು ಹೆಬ್ಬೆರಳು, ತೋರುಬೆರಳು ಹತ್ತಿರ ತಂದು "ಸ್ವಲ್ಪ" ಅಂತ ಸನ್ನೆ ಮಾಡಿದರು.

ನಾನು ರೊಟ್ಟಿಯ ಮೇಲೆ ಮೊಸರು, ಚಟ್ನಿಪುಡಿ ಹಾಕಿ ಕೊಟ್ಟೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ನಾವು ಎಲ್ಲರಿಗೂ ಹೇಳುತ್ತೇವೆ. ಖಾರ ಅನ್ನುವುದು ನಾಲಿಗೆಗೆ ಬಿಟ್ಟದ್ದು ಅಂತ ಆಗ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚೂರು ತೆಗೆದುಕೊಂಡರು. ನನಗೆ ಒಂದು ಬಟ್ಟಲು ಸಾರು ಬಂತು. ನಾನು ಕೇಳುವ ಮೊದಲೇ ಫೋನಿನಲ್ಲಿ ಬರೆದರು: ಮಾಂಸ ಇಲ್ಲ.

ಒಂಬತ್ತಾಗುವ ಮೊದಲೇ ಕೆಲಸಕ್ಕೆ ಹೊರಟರು. ಹೊರಡುವಾಗ ಗಡಿಯಾರ ತೋರಿಸಿ ಮುಖ ಹಿಂಡಿದರು. ನನಗೆ ಅರ್ಥವಾಗಲಿಲ್ಲ. ಕೌಂಟರಿನ ಹುಡುಗ ಹೇಳಿದ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಮೂರಕ್ಕೆ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಲಗಿದವರಿಗೆ ಒಂದು ಗಂಟೆ ನಿದ್ದೆ ಲಾಭ. ರಾತ್ರಿ ಪಾಳಿಯವರಿಗೆ ಒಂದು ಗಂಟೆ ಕೆಲಸ ಜಾಸ್ತಿ.

ಆ ರಾತ್ರಿ ಎರಡು ಗಂಟೆ ಎರಡು ಸಲ ಬಂತು. ತುತ್ತೂರಿಯವನು ಎರಡೂ ಸಲ ಊದುತ್ತಾನೋ ಇಲ್ಲವೋ ನೋಡಬೇಕು ಅಂತ ಎಚ್ಚರವಿರಲು ಹಠ ಹಿಡಿದೆ. ಒಂದಕ್ಕೆ ಕೇಳಿಸಿಕೊಂಡದ್ದು ನೆನಪಿದೆ. ಆಮೇಲೆ ನಿದ್ದೆ.

ಬೆಳಿಗ್ಗೆ ಆರೂವರೆಗೆ ಏಣಿಯಿಂದ ಇಳಿದು, ಸದ್ದಾಗದ ಹಾಗೆ ಕಪಾಟು ತೆಗೆದೆ. ಪಕ್ಕದ ಕಪಾಟು ಅವರದು. ಏಳು ತಿಂಗಳ ಸಾಮಾನು ಒಳಗೆ ಒತ್ತಿ ತುಂಬಿತ್ತು. ಬಾಗಿಲು ತೆರೆದುಕೊಳ್ಳದಿರಲಿ ಅಂತ ಕೊಂಡಿಯಲ್ಲಿ ತಲೆಗೆ ಕಟ್ಟುವ ರಬ್ಬರ್ ಬ್ಯಾಂಡು ಸುತ್ತಿದ್ದರು. ಅಷ್ಟರಲ್ಲಿ ಅವರೇ ಬಂದರು. ಕೋಟು ಕೂಡ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತು ಬೂಟು ಕಳಚತೊಡಗಿದರು. ನಾನು ಬೀಗ, ಕೀಲಿ ಎರಡೂ ಅವರ ಅಂಗೈಯಲ್ಲಿಟ್ಟೆ. ಬೇಡ ಅಂತ ತಲೆಯಾಡಿಸಿದರು. ನಾನು ಕಪಾಟು ತೋರಿಸಿದೆ, ನನ್ನ ಬ್ಯಾಗು ತೋರಿಸಿದೆ, ವಿಮಾನ ಹಾರುವ ಹಾಗೆ ಕೈ ಮಾಡಿದೆ. ಉಳಿದ ಮೂವರು ಮಲಗಿದ್ದರು, ಆದ್ದರಿಂದ ವಾದಕ್ಕೆ ಜಾಗ ಇರಲಿಲ್ಲ. ಅವರು ಕೊಂಡಿಗೆ ಹಾಕಿ ಒತ್ತಿದರು. ಹಿತ್ತಾಳೆ ಬೀಗ ಟಕ್ ಅಂದಿತು. ಎದುರಿನ ಮಂಚದ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಬೆಂಗಳೂರಿಗೆ ಬಂದ ವಾರಕ್ಕೆ ಫೋನಿನಲ್ಲಿ ಅವ್ವ ಒಂದೊಂದಾಗಿ ವಿಚಾರಿಸಿದಳು. ರೊಟ್ಟಿ ಸಾಕಾದವೇನು? ಚಟ್ನಿ ಡಬ್ಬಿ ವಾಪಸ್ ತಂದಿಯೇನು? ಬೀಗ?

ಬೀಗದ ಕತೆ ಹೇಳಿದೆ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ಆ ಕಡೆಯಿಂದ ಕೀಲಿ ಗೊಂಚಲಿನ ಸದ್ದು ಕೇಳಿಸಿತು.

"ಇನ್ನೊಂದ ಕೀಲಿ ನನ್ನ ಕಡೆ ಐತಿ. ಹೇಳಿಯೇನು ಆಕಿಗೆ?"